ಹಾಡು ಕೇಳಿ ಬರೀತೀರೋ, ವಿಡಿಯೋ ನೋಡಿ ಬರೀತೀರೋ?

ಈ ಪ್ರಶ್ನೆ ನನ್ನನ್ನ ಕೇಳದೇ ಇರೋರು ಕಮ್ಮಿ. ಮದುವೆ ಮನೆ ಪಂಕ್ತೀಲಿ ಪಕ್ಕದಲ್ಲಿ ಕೂತೋರು ಕೇಳಿದಾರೆ, ಆಫೀಸಲ್ಲಿ ಕಾಫಿ ಟೈಮಲ್ಲಿ ಕೇಳ್ತಾರೆ, ಮೊನ್ನೆ ನಮ್ಮ ಚಿಕ್ಕಪ್ಪ ಕೂಡ ಕೇಳಿದ್ರು, "ಅಲ್ಲಮ್ಮ, ಈ ಸಿಂಗಲ್ಸ್ ರಿವ್ಯೂ ಅಂತ ಬರೀತೀಯಲ್ಲ, ಮಾರ್ಕ್ಸು ಹಾಡಿಗೆ ಕೊಡ್ತೀಯೋ ವಿಡಿಯೋಗೆ ಕೊಡ್ತೀಯೋ?" ಅಂತ. ಸಿಂಗಲ್ಸ್ ಅಂದ್ರೆ ಸಿನಿಮಾಗೆ ಸೇರದೆ ಬಿಡಿಬಿಡಿಯಾಗಿ ಬರೋ ಹಾಡುಗಳು. ಇಷ್ಟು ದಿನ ಒಂದು ಸಾಲಲ್ಲಿ ಉತ್ತರ ಹೇಳಿ ಮುಗಿಸ್ತಿದ್ದೆ, ಆದ್ರೆ ಒಂದು ಸಾಲಲ್ಲಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೀತಿದೀನಿ.

ಮೊದಲು ಕೇಳ್ತೀನಿ. ಫೋನನ್ನ ಮೇಜಿನ ಮೇಲೆ ಬೋರಲು ಹಾಕಿ, ಇಯರ್‌ಫೋನ್ ಹಾಕ್ಕೊಂಡು ಒಂದ್ಸಲ, ಮಾರನೇ ದಿನ ಅಡುಗೆ ಮನೇಲಿ ಫೋನ್ ಸ್ಪೀಕರಲ್ಲೇ ಒಂದ್ಸಲ, ಆಮೇಲೆ ಬಸ್ಸಲ್ಲೋ ಮೆಟ್ರೋದಲ್ಲೋ ಸುತ್ತ ಗಲಾಟೆ ಇರೋವಾಗ ಒಂದ್ಸಲ. ಮೂರು ಸಲ ಆದ್ಮೇಲೆ ವಿಡಿಯೋ ನೋಡ್ತೀನಿ, ಅದೂ ಮ್ಯೂಟ್ ಮಾಡಿ. ಕೊನೇಲಿ ಎರಡನ್ನೂ ಒಟ್ಟಿಗೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತೆ, ಎಷ್ಟನೇ ಸೆಕೆಂಡಲ್ಲಿ ಏನಾಯ್ತು ಅಂತ ಬರ್ಕೊಳ್ತೀನಿ. ಮೂರು ನಿಮಿಷದ ಹಾಡಿಗೆ ಇಷ್ಟೆಲ್ಲಾ ಬೇಕಾ ಅಂತಾರೆ. ಆ ಮೂರು ನಿಮಿಷಕ್ಕೆ ಯಾರೋ ಮೂರು ತಿಂಗಳು ಕೂತಿರ್ತಾರೆ, ನಾನು ಮೂರು ದಿನ ಕೂರೋದು ಜಾಸ್ತಿ ಅಲ್ಲ.

ಈ ಅಭ್ಯಾಸ ಬಂದಿದ್ದು ಒಂದು ತಪ್ಪಿಂದ. ಬರೆಯೋಕೆ ಶುರು ಮಾಡಿದ ಹೊಸದರಲ್ಲಿ ಒಂದು ಕನ್ನಡ ಸಿಂಗಲ್ ಬಂತು, ಮಲೆನಾಡಿನ ಮಳೇಲಿ ತೆಗೆದ ವಿಡಿಯೋ, ಹಸಿರು ಅಂದ್ರೆ ಹಸಿರು, ಹಳೇ ಹೆಂಚಿನ ಮನೆ, ಜಗಲಿ ಮೇಲೆ ಕೂತ ಹುಡುಗಿ. ನೋಡಿ ಮನಸ್ಸು ತುಂಬಿ ಬಂತು, ಅವತ್ತೇ ರಾತ್ರಿ ಕೂತು ಹೊಗಳಿ ಬರೆದೆ. ಎರಡು ವಾರ ಆದ್ಮೇಲೆ ಒಬ್ಬರು ಓದುಗರು ಸಿಕ್ಕಿ, ತುಂಬಾ ಪ್ರೀತಿಯಿಂದಾನೇ, "ಆ ಹಾಡಿನ ಪಲ್ಲವಿ ಸ್ವಲ್ಪ ಗುನುಗಿ ನೋಡೋಣ" ಅಂದ್ರು. ನಂಗೆ ಒಂದು ಸಾಲೂ ನೆನಪಾಗ್ಲಿಲ್ಲ. ಹೆಂಚಿಂದ ಬೀಳೋ ನೀರು ನೆನಪಿತ್ತು, ಹುಡುಗಿ ಸೀರೆ ಬಣ್ಣ ನೆನಪಿತ್ತು, ರಾಗ ಇರ್ಲಿಲ್ಲ. ಆಮೇಲೆ ಬರೀ ಆಡಿಯೋ ಹಾಕಿ ಕೇಳಿದ್ರೆ ಅದ್ರಲ್ಲಿ ನಿಜವಾಗ್ಲೂ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ. ನನ್ನ ಮಾತು ನಂಬಿ ಕೇಳಿದವರಿಗೆ ನಾನು ಮಾಡಿದ್ದು ಅನ್ಯಾಯ ಅಂತ ಅವತ್ತು ಅನ್ನಿಸಿದ್ದು ಇವತ್ತಿಗೂ ಹೋಗಿಲ್ಲ.

ಕಣ್ಣು ಕಿವಿ ಮೇಲೆ ಸವಾರಿ ಮಾಡುತ್ತೆ ಅನ್ನೋದು ನನ್ನೊಬ್ಬಳ ಅನುಭವ ಅಲ್ಲ, ಅದನ್ನ ಪ್ರಯೋಗ ಮಾಡೇ ತೋರಿಸಿದಾರೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತೆ ಜಾನ್ ಮೆಕ್‌ಡೊನಾಲ್ಡ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 'ಬ' ಅನ್ನೋ ಸದ್ದಿಗೆ 'ಗ' ಅಂತ ಆಡೋ ತುಟಿಗಳ ಚಿತ್ರ ಜೋಡಿಸಿ ತೋರಿಸಿದ್ರು, ನೋಡಿದವರಲ್ಲಿ ಬಹಳ ಜನಕ್ಕೆ ಕೇಳಿಸಿದ್ದು ಎರಡೂ ಅಲ್ಲ, 'ದ'. ಇನ್ನೊಂದು 2013ರದ್ದು, ಚಿಯಾ-ಜುಂಗ್ ಸಾಯ್ ಅನ್ನೋ ಸಂಶೋಧಕಿ, ಅವರೂ ಪಿಯಾನೋ ನುಡಿಸೋರೇ, ಸಂಗೀತ ಸ್ಪರ್ಧೆಗಳ ತುಣುಕುಗಳನ್ನ ಜನಕ್ಕೆ ಕೊಟ್ಟು ಇದ್ರಲ್ಲಿ ಗೆದ್ದಿದ್ದು ಯಾರು ಹೇಳಿ ಅಂದ್ರು. ಸದ್ದಿಲ್ಲದ ವಿಡಿಯೋ ಬರೀ ನೋಡಿದವರು, ಸಂಗೀತ ಕೇಳಿದವರಿಗಿಂತ ಚೆನ್ನಾಗಿ ಗೆದ್ದವರನ್ನ ಗುರುತಿಸಿದ್ರು. ಸಂಗೀತ ಕಲಿತು ಅದರಲ್ಲೇ ಜೀವನ ಮಾಡೋರ ಕಥೆನೂ ಅದೇ ಆಯ್ತು, ಅವರೂ ಕೇಳೋದೇ ಮುಖ್ಯ ಅಂತಾನೇ ಅಂದ್ಕೊಂಡಿದ್ರು. ಅಷ್ಟು ಪಳಗಿದ ಕಿವಿಗಳೇ ಹಾಗಾದ್ರೆ ನಾನು ಫೋನು ಬೋರಲು ಹಾಕೋದ್ರಲ್ಲಿ ತಪ್ಪೇನಿಲ್ಲ ಅಲ್ವಾ.

ನಮ್ಮಲ್ಲಿ ಇದಕ್ಕೆ ಇನ್ನೊಂದು ರೂಪ ಇದೆ, ಲಿರಿಕಲ್ ವಿಡಿಯೋ. ಸ್ಕ್ರೀನ್ ಮೇಲೆ ಸಾಹಿತ್ಯ ಓಡ್ತಾ ಹೋಗುತ್ತೆ, ನಾವು ಓದ್ತಾ ಕೇಳ್ತೀವಿ, ಓದಿದ್ದೇ ಕೇಳಿಸುತ್ತೆ. ಗಾಯಕರು 'ಹಳ್ಳಿ'ನ 'ಹಲ್ಲಿ' ಅಂದಿರ್ತಾರೆ, ಕಣ್ಣು 'ಹಳ್ಳಿ' ಅಂತ ಓದಿ ಕಿವಿಗೆ ಹಾಗೇ ದಾಟಿಸಿಬಿಡುತ್ತೆ. ಸ್ಕ್ರೀನ್ ಮುಚ್ಚಿ ಕೇಳಿ ನೋಡಿ, ಎಷ್ಟೋ ಹಾಡುಗಳಲ್ಲಿ ಚರಣದ ಅರ್ಧ ಮಾತು ಗೊತ್ತೇ ಆಗಲ್ಲ. ನಮ್ಮಮ್ಮ ಈಗ್ಲೂ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ದ ಸಾಲುಗಳನ್ನ ಒಂದಕ್ಷರ ಬಿಡದೆ ಹೇಳ್ತಾರೆ, ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ, 1978ರಲ್ಲಿ ಬಂದ ಕ್ಯಾಸೆಟ್ ಅದು, ಅಮ್ಮ ಕಲ್ತಿದ್ದು ಪುಸ್ತಕ ನೋಡಿ ಅಲ್ಲ, ಕೇಳಿ. ಸಿನಿಮಾಗೆ ಸೇರದ ಹಾಡು ಅನ್ನೋದು ಕನ್ನಡಕ್ಕೆ ಯೂಟ್ಯೂಬ್ ಜೊತೆ ಬಂದಿದ್ದಲ್ಲ, ಭಾವಗೀತೆ ಕ್ಯಾಸೆಟ್ಟುಗಳ ಕಾಲದಿಂದ ಇದೆ, ಆಗ ಜನ ನೋಡ್ತಿದ್ದ ಚಿತ್ರ ಅಂದ್ರೆ ಕ್ಯಾಸೆಟ್ ಕವರ್ ಒಂದೇ. ಹಾಗಾಗಿ ಉಚ್ಚಾರಣೆ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೆ, "ಹಾಗಾದ್ರೆ ವಿಡಿಯೋ ಬರೀ ಮೇಲಿನ ಅಲಂಕಾರ ಅಂತೀರಾ" ಅಂತ ಕೇಳ್ತಾರೆ. ಇಲ್ಲ, ಖಂಡಿತ ಇಲ್ಲ. ನನ್ನ ಉತ್ತರದ ಮುಖ್ಯವಾದ ಅರ್ಧ ಶುರುವಾಗೋದೇ ಇಲ್ಲಿ. ಕೆಲವು ವಿಡಿಯೋ ಹಾಡಿನ ಒಳಗೇ ಇದ್ದು ನಮ್ಮ ಕಿವಿಯಿಂದ ತಪ್ಪಿಸ್ಕೊಂಡಿದ್ದನ್ನ ಬೆರಳು ಮಾಡಿ ತೋರಿಸುತ್ತೆ, ಕೆಲವು ಹಾಡಲ್ಲಿ ಇಲ್ಲದ್ದನ್ನ ತಂದು ತುಂಬುತ್ತೆ. ಎರಡನ್ನೂ ಬೇರೆ ಮಾಡಿ ಹೇಳೋದೇ ರಿವ್ಯೂ ಬರೆಯೋರ ಕೆಲಸ ಅಂತ ನಾನು ನಂಬಿರೋದು.

ನಾರ್ವೆಯ ಆ-ಹಾ ಬ್ಯಾಂಡಿನ 'ಟೇಕ್ ಆನ್ ಮಿ' ತಗೊಳ್ಳಿ. 1984ರಲ್ಲಿ ಮೊದಲು ಬಂದಾಗ ಇಂಗ್ಲೆಂಡಲ್ಲಿ ಓಡ್ಲಿಲ್ಲ, ಅವಾಗಿನ ವಿಡಿಯೋ ಬ್ಯಾಂಡಿನವರು ನಿಂತು ಹಾಡೋದು, ಅಷ್ಟೇ. ಆಮೇಲೆ ಅಲನ್ ಟಾರ್ನಿ ಅನ್ನೋ ಸಂಗೀತ ನಿರ್ಮಾಪಕರ ಜೊತೆ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದ್ರು, ಸ್ಟೀವ್ ಬ್ಯಾರನ್ ಹೊಸ ವಿಡಿಯೋ ಮಾಡಿದ್ರು, 1985ರ ಅಕ್ಟೋಬರಲ್ಲಿ ಅಮೆರಿಕದಲ್ಲಿ ನಂಬರ್ 1 ಆಯ್ತು, ಇಂಗ್ಲೆಂಡಲ್ಲಿ ಮೂರನೇ ಸಲ ರಿಲೀಸ್ ಮಾಡಿದ್ಮೇಲೆ 2ನೇ ಸ್ಥಾನಕ್ಕೆ ಬಂತು. ವಿಡಿಯೋದಿಂದಾನೇ ಗೆದ್ದಿದ್ದು ಅಂತ ಎಲ್ರೂ ಹೇಳ್ತಾರೆ, ಹಾಡನ್ನೂ ತಿದ್ದಿದ್ರು ಅನ್ನೋದನ್ನ ಮರೀತಾರೆ. ಆ ವಿಡಿಯೋಲಿ ಒಬ್ಬಳು ಹುಡುಗಿ ಕೆಫೇಲಿ ಕೂತು ಕಾಮಿಕ್ಸ್ ಓದ್ತಿರ್ತಾಳೆ, ಪುಟದೊಳಗಿಂದ ಪೆನ್ಸಿಲ್ ಗೆರೆಗಳ ಒಂದು ಕೈ ಹೊರಗೆ ಬಂದು ಅವಳನ್ನ ಕರೆಯುತ್ತೆ. ಕ್ಯಾಮೆರಾದಲ್ಲಿ ತೆಗೆದಿದ್ದರ ಮೇಲೆ ಒಂದೊಂದೇ ಫ್ರೇಮ್ ಇಟ್ಟು ಪೆನ್ಸಿಲಲ್ಲಿ ಬರೆಯೋ ವಿಧಾನ ಅದು, ರೋಟೋಸ್ಕೋಪಿಂಗ್ ಅಂತಾರೆ. ಮೈಕಲ್ ಪ್ಯಾಟರ್‌ಸನ್ ಮತ್ತೆ ಕ್ಯಾಂಡೇಸ್ ರೆಕಿಂಜರ್ ಸುಮಾರು 3000 ಫ್ರೇಮು ಬರೆದ್ರು, 16 ವಾರ ಹಿಡೀತು.

ನಾನು ಇದನ್ನ ಮ್ಯೂಟ್ ಮಾಡಿ ನೋಡಿದಾಗ ಕೊನೇ ಭಾಗದಲ್ಲಿ ಒಂದು ವಿಷಯ ಕಾಣಿಸ್ತು. ಆ ಕಾಮಿಕ್ಸಿನ ಹುಡುಗ ಚಿತ್ರದಿಂದ ಹೊರಗೆ ಬರೋಕೆ ಒದ್ದಾಡ್ತಾನೆ, ಕಾರಿಡಾರಿನ ಗೋಡೆಗೆ ಈ ಕಡೆ ಆ ಕಡೆ ಮೈ ಹೊಡ್ಕೊಳ್ತಾನೆ, ಒಂದು ಕ್ಷಣ ಗೆರೆ, ಇನ್ನೊಂದು ಕ್ಷಣ ಮನುಷ್ಯ. ಈಗ ಕಣ್ಣು ಮುಚ್ಚಿ ಪಲ್ಲವಿ ಕೇಳಿ. ಬ್ಯಾಂಡಿನ ಗಾಯಕ ಮಾರ್ಟನ್ ಹಾರ್ಕೆಟ್ ದನಿ ತೀರಾ ಕೆಳಗಿಂದ ಶುರುವಾಗಿ ಸಾಲಿಗೊಂದು ಮೆಟ್ಟಿಲು ಹತ್ತುತ್ತೆ, ಕೊನೇ ಸಾಲಲ್ಲಿ ಮಾಮೂಲಿ ದನಿ ಸಾಲದೆ ಕಳ್ಳದನಿಗೆ, ಇಂಗ್ಲಿಷಲ್ಲಿ ಫಾಲ್ಸೆಟೋ ಅಂತಾರಲ್ಲ, ಅದಕ್ಕೆ ದಾಟುತ್ತೆ. ದನಿ ತನ್ನ ಮಿತಿಯಿಂದ ಆಚೆ ಬರೋಕೆ ಮಾಡೋ ಪ್ರಯತ್ನನೂ ಆ ಹುಡುಗ ಕಾಗದದಿಂದ ಆಚೆ ಬರೋಕೆ ಮಾಡೋ ಪ್ರಯತ್ನನೂ ಒಂದೇ. ವಿಡಿಯೋ ಹಾಡಿಗೆ ಹೊಸದಾಗಿ ಏನೂ ಸೇರಿಸ್ಲಿಲ್ಲ, ರಾಗದಲ್ಲಿ ಇದ್ದಿದ್ದನ್ನೇ ಕಣ್ಣಿಗೆ ಕಾಣೋ ಹಾಗೆ ಮಾಡ್ತು. ಇಂಥ ವಿಡಿಯೋಗೆ ನಾನು ಕೈ ಮುಗೀತೀನಿ.

ಹತ್ತಿರದ ಉದಾಹರಣೆ ಬೇಕು ಅಂದ್ರೆ 2024ರ ಜುಲೈಲಿ ಬಂದ ಹನುಮಾನ್‌ಕೈಂಡ್‌ನ 'ಬಿಗ್ ಡಾಗ್ಸ್'. ಕೇರಳದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್ನಲ್ಲಿ ಬೆಳೆದ ಹುಡುಗ, ಆಮೇಲೆ ಬೆಂಗಳೂರಿನ ರ‍್ಯಾಪ್ ಬಳಗದವನು, ಹಾಡು ಇಂಗ್ಲಿಷಲ್ಲಿದೆ, ಬೀಟು ಕಲ್ಮಿ ಅನ್ನೋರದು, ವಿಡಿಯೋ ಬಿಜೊಯ್ ಶೆಟ್ಟಿದು. ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಹಿಟ್ ಹಾಡುಗಳ ಪಟ್ಟೀಲಿ 23ನೇ ಸ್ಥಾನದ ತನಕ ಹೋಯ್ತು. ವಿಡಿಯೋ ತೆಗೆದಿದ್ದು ಕೇರಳದ ಪೊನ್ನಾನಿಲಿ, ನಮ್ಮ ಜಾತ್ರೆಗಳಲ್ಲೂ ಬರುತ್ತಲ್ಲ, ಮರದ ಹಲಗೆಯ ದುಂಡನೆ ಬಾವಿ, ಒಳಗೋಡೆ ಮೇಲೆ ಬೈಕು ಕಾರು ಸುತ್ತೋದು, ಆ ಮೌತ್ ಕಾ ಕುವಾದೊಳಗೆ. ಇವನು ಕೆಳಗೆ ನಿಂತು ರ‍್ಯಾಪ್ ಮಾಡ್ತಿದ್ರೆ ಸುತ್ತ ಗೋಡೆ ಮೇಲೆ ಗಾಡಿಗಳು. ಸಾಹಸ ನೋಡಿ ಎಲ್ರೂ ಬಾಯಿ ಬಿಟ್ರು, ನಾನೂ. ಆದ್ರೆ ಆ ಬಾವಿಯ ಲೆಕ್ಕ ಏನು ಹೇಳಿ? ಗಾಡಿ ನಿಲ್ಲೋದು ವೇಗದಿಂದ, ವೇಗ ಇದ್ರೆ ಚಕ್ರ ಗೋಡೆಗೆ ಒತ್ಕೊಳ್ಳುತ್ತೆ, ಒತ್ಕೊಂಡ್ರೆ ಹಿಡಿತ ಸಿಗುತ್ತೆ, ನಿಧಾನ ಆದ್ರೆ ಜಾರುತ್ತೆ. ಆ ಹಾಡೂ ಹಾಗೇ ಇರೋದು. ಅವನು ಉಸಿರಿಗೆ ಜಾಗ ಬಿಡಲ್ಲ, ಒಂದು ಸಾಲಿನ ಬಾಲಕ್ಕೆ ಇನ್ನೊಂದು ಸಾಲಿನ ತಲೆ ಅಂಟಿರುತ್ತೆ, ಕೆಳಗಿನ ಬೇಸ್ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ. ಜಾಗ ಸಿಕ್ತು ಅಂತ ಹೋಗಿ ಶೂಟ್ ಮಾಡಿದ ಹಾಗಿಲ್ಲ ಅದು, ಯಾರೋ ಹಾಡನ್ನ ಸರಿಯಾಗಿ ಕೇಳಿ ಆಮೇಲೆ ಜಾಗ ಹುಡುಕಿದಾರೆ.

ವ್ಯೂಸ್ ನೋಡ್ತೀರಾ ಅಂತಾನೂ ಕೇಳ್ತಾರೆ. ಬರೆಯೋಕೆ ಮುಂಚೆ ನೋಡಲ್ಲ. ಅದು ಮುಖ್ಯ ಅಲ್ಲ ಅಂತಲ್ಲ, 2013ರ ಫೆಬ್ರವರಿಯಿಂದ 2026ರ ಜನವರಿ ತನಕ ಬಿಲ್‌ಬೋರ್ಡೇ ಯೂಟ್ಯೂಬನ್ನ ಲೆಕ್ಕಕ್ಕೆ ತಗೊಳ್ತಿತ್ತು, ಆದ್ರೆ ಆ ನಂಬರು ಒಂದ್ಸಲ ಕಣ್ಣಿಗೆ ಬಿದ್ರೆ ಕಿವಿ ಸರಿಯಾಗಿ ಕೆಲಸ ಮಾಡಲ್ಲ. ಇನ್ನು ಚಿಕ್ಕಪ್ಪ ಕೇಳಿದ ಮಾರ್ಕ್ಸಿನ ವಿಷಯ, ಸ್ಟಾರ್ ಕೊಡೋದು ಬಿಟ್ಟು ಎರಡು ವರ್ಷ ಆಯ್ತು.

ದುಡ್ಡಿನ ಮಾತು ಮಾತ್ರ ಬಿಡೋ ಹಾಗಿಲ್ಲ, ಯಾಕಂದ್ರೆ ನಂಗೆ ಹಾಡು ಕಳಿಸೋ ಹುಡುಗ ಹುಡುಗೀರಲ್ಲಿ ತುಂಬಾ ಜನ ಸ್ವಂತ ಸಂಬಳದಲ್ಲಿ, ಸಾಲದಲ್ಲಿ ಮಾಡಿರ್ತಾರೆ. ಹೋದ ವರ್ಷ ಹಿರಿಯೂರಿನ ಕಡೆಯ ಒಬ್ಬ ಹುಡುಗ ತನ್ನ ಮೊದಲ ರ‍್ಯಾಪ್ ಕಳಿಸಿದ. "ಅಕ್ಕಾ, ಮೊದ್ಲು ವಿಡಿಯೋ ನೋಡ್ರಿ, ಆಮೇಲೆ ಬರೀರಿ" ಅಂದ. ಇಲ್ಲ ಕಣೋ, ಮೊದ್ಲು ಆಡಿಯೋ ಕಳಿಸು ಅಂದೆ. ವಿಷಯ ಅಪ್ಪ ಕೊರೆಸಿದ ಬೋರ್‌ವೆಲ್ಲುಗಳು, ನಾಲ್ಕು ಕೊರೆಸಿ ನಾಲ್ಕೂ ಫೇಲ್ ಆಗಿದ್ದು, ಐದನೇದಕ್ಕೆ ಅಮ್ಮನ ಬಳೆ ಹೋಗಿದ್ದು. ಮಾತು ಇಷ್ಟು ಗಟ್ಟಿ, ಆದ್ರೆ ಕೇಳ್ಸೋದೇ ಇಲ್ಲ, ದನಿ ಬೀಟಿನ ಅಡೀಲಿ ಹೂತುಹೋಗಿದೆ, ಎಲ್ಲಾ ವಾದ್ಯನೂ ಒಟ್ಟಿಗೆ ಜೋರು. ಜೋರು ಮಾಡಿದ್ರೆ ಯೂಟ್ಯೂಬಲ್ಲಿ ಎದ್ದು ಕಾಣುತ್ತೆ ಅಂತ ಯಾರೋ ಹೇಳಿದ್ರಂತೆ, ಮಿತಿ ಮೀರಿ ಜೋರಾಗಿರೋ ಹಾಡನ್ನ ಯೂಟ್ಯೂಬು ತಾನೇ ತಗ್ಗಿಸಿ ಹಾಕುತ್ತೆ ಅಂತ ಹೇಳಿರ್ಲಿಲ್ಲ. ವಿಡಿಯೋ ನೋಡಿದ್ರೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳ ಸುತ್ತ ಡ್ರೋನ್, ನಿಜವಾಗ್ಲೂ ಸುಂದರ. ಕೈಲಿದ್ದ ದುಡ್ಡಲ್ಲಿ ಮುಕ್ಕಾಲು ಪಾಲು ಡ್ರೋನಿಗೆ ಹೋಗಿತ್ತು, ಮಿಕ್ಸಿಂಗ್, ಅಂದ್ರೆ ದನಿ ವಾದ್ಯಗಳ ಸದ್ದನ್ನ ಹದವಾಗಿ ಬೆರೆಸೋ ಕೆಲಸ, ಅವನೇ ಲ್ಯಾಪ್‌ಟಾಪಲ್ಲಿ ಒಂದು ರಾತ್ರೀಲಿ ಮುಗಿಸಿದ್ದ.

ನಾನು ಅವನಿಗೆ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಅವರ 1990ರ 'ನಥಿಂಗ್ ಕಂಪೇರ್ಸ್ ಟು ಯು' ಲಿಂಕ್ ಕಳಿಸಿದೆ. ಜಾನ್ ಮೇಬರಿ ಮಾಡಿದ ಆ ವಿಡಿಯೋಲಿ ಹೆಚ್ಚು ಹೊತ್ತು ಕಾಣೋದು ಒಂದು ಮುಖ, ಬೋಳು ತಲೆ, ಕತ್ತಲೆ, ಒಂದು ಹಂತದಲ್ಲಿ ಕಣ್ಣಿಂದ ನೀರು. ತೀರಿಹೋದ ಅಮ್ಮ ನೆನಪಾಗಿ ಬಂದ ಕಣ್ಣೀರು ಅಂತ ಅವರೇ ಆಮೇಲೆ ಹೇಳಿದಾರೆ. ದನಿ ಅಷ್ಟು ಹತ್ತಿರ ಇರೋ ಹಾಡಿಗೆ ಕ್ಯಾಮೆರಾನೂ ಅಷ್ಟೇ ಹತ್ತಿರ ಇದ್ರೆ ಸಾಕು.

ಮತ್ತೆ ಅವನ ಹಾಡಲ್ಲಿ ಇನ್ನೊಂದು ವಿಷಯ ಹೇಳಿದೆ. 1 ನಿಮಿಷ 20ನೇ ಸೆಕೆಂಡಲ್ಲಿ ನಾಲ್ಕೇ ಸೆಕೆಂಡು ಒಂದು ಸದ್ದು ಬರುತ್ತೆ, ಕಬ್ಬಿಣದ ರಾಡು ಕಲ್ಲಿಗೆ ಕುಟ್ಟೋದು, ಹಿಂದೆ ಕಂಪ್ರೆಸರಿನ ಬುಸುಗುಡುವಿಕೆ. ಏನೋ ಅದು ಅಂದೆ. ಐದನೇ ಬೋರು ಕೊರೆಯೋವಾಗ ಫೋನಲ್ಲಿ ರೆಕಾರ್ಡ್ ಮಾಡಿದ್ದೆ ಅಕ್ಕ, ಸುಮ್ನೆ ಹಾಕಿದೆ, ತೆಗೆದುಬಿಡ್ಲಾ ಅಂದ. ತೆಗೀಬೇಡ, ನಿನ್ನ ಬೀಟೇ ಅದು ಅಂದೆ. ರಿವ್ಯೂಲಿ ಡ್ರೋನ್ ಬಗ್ಗೆ ಒಂದು ಸಾಲು ಬರೆದು, ಆ ನಾಲ್ಕು ಸೆಕೆಂಡಿನ ಬಗ್ಗೆ ಎರಡು ಪ್ಯಾರಾ ಬರೆದೆ. ಅವನು ಸ್ವಲ್ಪ ದಿನ ಮಾತಾಡ್ಲಿಲ್ಲ, ನೋವಾಗಿತ್ತು ಅನ್ಸುತ್ತೆ, ನಂಗೂ ಬರೆದ ದಿನ ನಿದ್ದೆ ಸರಿ ಬಂದಿರ್ಲಿಲ್ಲ.

ಕಳೆದ ವಾರ ಅದೇ ಹಾಡು ಮತ್ತೆ ಬಂತು, ಪೂರ್ತಿ ಹೊಸದಾಗಿ ಮಾಡಿದಾನೆ. ಶುರುವಾಗೋದೇ ಕುಟ್ಟೋ ಸದ್ದಿಂದ, ತಾಳ ಪೂರ್ತಿ ಅದರ ಮೇಲೇ ನಿಂತಿದೆ, 'ಅಮ್ಮನ ಬಳೆ' ಅನ್ನೋ ಕಡೆ ರಾಡಿನ ಸದ್ದು ಟಕ್ ಅಂತ ನಿಂತುಬಿಡುತ್ತೆ, ದನಿ ಒಂದೇ ಉಳ್ಕೊಳ್ಳುತ್ತೆ, ಪ್ರತಿ ಅಕ್ಷರ ಕೇಳುತ್ತೆ, ಬಳೆಯ 'ಳ' ಕೂಡ. ಇಯರ್‌ಫೋನಲ್ಲಿ ಆಯ್ತು, ಅಡುಗೆ ಮನೇಲಿ ಆಯ್ತು, ಇವತ್ತು ಸಂಜೆ ಮೆಟ್ರೋದಲ್ಲೂ ಆಯ್ತು. "ಈ ಸಲ ಡ್ರೋನ್ ಇಲ್ಲ ಅಕ್ಕ, ಅಪ್ಪನೇ ಇದಾರೆ" ಅಂತ ವಿಡಿಯೋ ಜೊತೆ ಮೆಸೇಜ್ ಹಾಕಿದಾನೆ. ಆ ವಿಡಿಯೋನ ಇನ್ನೂ ತೆರೆದಿಲ್ಲ, ನಾಳೆ ಬೆಳಗ್ಗೆ ಮ್ಯೂಟ್ ಮಾಡಿ ನೋಡ್ತೀನಿ.