ಜರ್ಮನ್ ಕಲಿತರೆ ಅನಿಮೆಗೆ ಧ್ವನಿ ಕೊಡಬಹುದೇ?

ನಾನು ಜರ್ಮನ್ ಹೇಳಿಕೊಡುತ್ತೇನೆ. ಹೊಸ ತರಗತಿ ಶುರುವಾದಾಗಲೆಲ್ಲ, ಅನಿಮೆ, ಅಂದರೆ ಜಪಾನಿನ ಕಾರ್ಟೂನ್‌ಗಳನ್ನು ನೋಡಿ ಬೆಳೆದ ಯಾರಾದರೊಬ್ಬರು ಪಾಠ ಮುಗಿದ ಮೇಲೂ ಉಳಿದುಕೊಂಡು ಕೇಳುತ್ತಾರೆ: "ಮೇಡಂ, ಭಾಷೆ ಚೆನ್ನಾಗಿ ಬಂದರೆ ಜರ್ಮನಿಯಲ್ಲಿ ಅನಿಮೆ ಡಬ್ಬಿಂಗ್ ಮಾಡಬಹುದೇ? ನನ್ನ ಧ್ವನಿ ಚೆನ್ನಾಗಿದೆ ಎನ್ನುತ್ತಾರೆ."

ಧ್ವನಿಯ ಮಾತು ಆಮೇಲೆ. ಡಬ್ಬಿಂಗ್ ಮೊದಲು ನಟನೆಯ ಕೆಲಸ. ಬಹುಪಾಲು ಬರ್ಲಿನ್ ಮತ್ತು ಮ್ಯೂನಿಕ್‌ನಲ್ಲಿ ನಡೆಯುವ ಈ ಕೆಲಸದಲ್ಲಿ ಇರುವವರಲ್ಲಿ ಅನೇಕರು ರಂಗಭೂಮಿಯಲ್ಲಿ ಪಳಗಿದವರು, ಇಲ್ಲವೇ ಚಿಕ್ಕಂದಿನಿಂದ ಮೈಕಿನ ಮುಂದೆ ಬೆಳೆದವರು. ತಿಂಗಳ ಸಂಬಳವಿಲ್ಲ. ಸ್ಟುಡಿಯೋಗೆ ಬಂದದ್ದಕ್ಕೆ ಒಂದು ಮೊತ್ತ, ಅದರ ಮೇಲೆ ಟೇಕ್ ಲೆಕ್ಕ. ಟೇಕ್ ಎಂದರೆ ಕೆಲವೇ ಸೆಕೆಂಡುಗಳ ತುಣುಕು.

ಆ ಕೆಲವು ಸೆಕೆಂಡುಗಳ ಕಷ್ಟ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಒಂದು ಪಾತ್ರ ಹೀಗೆನ್ನುತ್ತದೆ ಎಂದುಕೊಳ್ಳಿ: "ನಿನ್ನನ್ನು ಬಿಟ್ಟು ನಾನು ಹೋಗುವುದಿಲ್ಲ." ಜಪಾನಿ ಭಾಷೆಯಲ್ಲೂ ನಮ್ಮಂತೆಯೇ "ಇಲ್ಲ" ಬರುವುದು ಕೊನೆಗೆ, ಪಾತ್ರದ ಕಣ್ಣು ತುಂಬುವುದೂ ಅಲ್ಲಿಯೇ. ಜರ್ಮನ್‌ನಲ್ಲಿ "ಇಷ್ ಗೇಯ ನಿಷ್ಟ್ ಓನ ಡಿಷ್": "ಇಲ್ಲ" ನಡುವಿನಲ್ಲೇ ಮುಗಿದು, ಕೊನೆಗೆ ಉಳಿಯುವುದು "ನೀನಿಲ್ಲದೆ". ಪರದೆಯ ಮೇಲಿನ ಪಾತ್ರ ಬಾಯಿ ಮುಚ್ಚುವಷ್ಟರಲ್ಲಿ ನಟರು ಆ ಕಣ್ಣೀರನ್ನು ಬೇರೆ ಪದದ ಮೇಲೆ ತಂದು ನಿಲ್ಲಿಸಬೇಕು. ಎದುರಿಗೆ ಸಹನಟರೂ ಇರುವುದಿಲ್ಲ. ಸಾಮಾನ್ಯವಾಗಿ ಒಬ್ಬೊಬ್ಬರದೇ ಧ್ವನಿಮುದ್ರಣ.

ವೆರೋನಿಕಾ ನಾಯ್‌ಗೆಬಾವರ್ ಎಂಬ ನಟಿ ಪೋಕೆಮಾನ್ ಎಂಬ ಅನಿಮೆ ಸರಣಿಯ ನಾಯಕ, ಹುಡುಗ ಆ್ಯಶ್‌ಗೆ ಜರ್ಮನ್ ಧ್ವನಿಯಾಗಿದ್ದರು. 1999ರಲ್ಲಿ ಆ ಸರಣಿ ಜರ್ಮನ್ ಟಿವಿಗೆ ಬಂದಾಗ ಅವನ ದನಿ ಅವರದೇ. 2009ರಲ್ಲಿ ಅವರು ತೀರಿಕೊಂಡರು. ಆ್ಯಶ್‌ಗೆ ಮಾತ್ರ ವಯಸ್ಸಾಗಿರಲಿಲ್ಲ, ಅವನು ಮಾತನಾಡಲೇಬೇಕಿತ್ತು. ಕ್ಯಾರೊಲಿನ್ ಕೊಂಬ್ರಿಂಕ್ ಎಂಬ ಇನ್ನೊಬ್ಬ ನಟಿ ಆ ಪಾತ್ರ ವಹಿಸಿಕೊಂಡರು. ಹತ್ತು ವರ್ಷ ಮಕ್ಕಳ ಕಿವಿಯಲ್ಲಿ ನೆಲೆಸಿದ್ದ ಹುಡುಗನನ್ನು ಮುಂದುವರಿಸುವುದು ಎಂತಹ ಹೊಣೆ! ಈ ವೃತ್ತಿಯ ಬಗ್ಗೆ ನನಗಿರುವ ಗೌರವ ಇಲ್ಲಿಂದಲೇ ಬಂದದ್ದು.

ಹಾಗಾದರೆ ಉತ್ತರ? ಜರ್ಮನ್ನರ ನಡುವೆ ಹುಟ್ಟಿ ಬೆಳೆಯದವರಿಗೆ ಮುಖ್ಯ ಪಾತ್ರ ಸಿಗುವುದು ಬಹಳ ಕಷ್ಟ. ಉಚ್ಚಾರಣೆಯಲ್ಲಿ ನಮ್ಮ ಊರಿನ ಒಂದೆಳೆ ಉಳಿದಿದ್ದರೂ ಮೈಕ್ ಅದನ್ನು ಹಿಡಿದುಬಿಡುತ್ತದೆ. ಮಕ್ಕಳ ಮನಸ್ಸು ಮುರಿಯುತ್ತದೆಂದು ಇದನ್ನು ಮುಚ್ಚಿಡಲಾರೆ. ಆದರೆ ಮೈಕಿಗೆ ಮೊದಲು ಕಾಗದವಿದೆ: ಯಾರೋ ಜಪಾನಿ ಮಾತುಗಳನ್ನು ನೇರವಾಗಿ ಅನುವಾದಿಸಿಕೊಡುತ್ತಾರೆ, ಇನ್ನೊಬ್ಬರು ಅದನ್ನು ತುಟಿಗೆ ಹೊಂದುವ ಸಂಭಾಷಣೆಯಾಗಿಸುತ್ತಾರೆ. ಆ ಮೊದಲ ಕೆಲಸಕ್ಕೆ ಜಪಾನಿ ಬೇಕು. ಕೊನೆಗೆ ಬರುವ "ಇಲ್ಲ"ಕ್ಕಾಗಿ ಕಾಯುವುದು ನಮಗೆ ಹುಟ್ಟಿನಿಂದಲೇ ಗೊತ್ತು. ಕೇಳಿದವರಿಗೆಲ್ಲ ಈಗ ಜಪಾನಿ ತರಗತಿಗೂ ಸೇರಿ ಎನ್ನುತ್ತೇನೆ.