ರೌಸ್ ಅವರ 15 ಪುಟಗಳು

ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ 31 ವರ್ಷ ದುಡಿದು ಹೋದ ವರ್ಷ ನಿವೃತ್ತಳಾದೆ. ಕೊನೆಯ ಹತ್ತು ವರ್ಷಗಳಲ್ಲಿ ನನ್ನ ಮೇಜಿನ ಬಳಿ ಪುಸ್ತಕ ಕೇಳಿ ಬಂದವರಿಗಿಂತ ಅಂಕಿ ಕೇಳಿ ಬಂದವರೇ ಹೆಚ್ಚು. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಚ್-ಇಂಡೆಕ್ಸ್ ಎಷ್ಟು ಎಂದು ಲೆಕ್ಕ ತೆಗೆದು, ಮುದ್ರಿಸಿ, ಮೊಹರು ಒತ್ತಿ ಕೊಡಬೇಕಿತ್ತು. ಬಡ್ತಿಯ ಅರ್ಜಿಗೆ ಅದು ಬೇಕು. ಒಂದು ಸಂಜೆ ಕ್ಯಾನ್ಸರ್ ವಿಭಾಗದ ಕಿರಿಯ ವೈದ್ಯೆಯೊಬ್ಬರು ಆ ಹಾಳೆ ಹಿಡಿದು, “ಮೇಡಂ, ಎಚ್-ಇಂಡೆಕ್ಸ್ ಏಳೇ ಇದೆ” ಎಂದವರು ಸುಮ್ಮನಾದರು. ಬೇರೆ ಪ್ರಬಂಧಗಳಲ್ಲಿ ಕನಿಷ್ಠ ಏಳು ಸಲ ಉಲ್ಲೇಖಗೊಂಡ ಪ್ರಬಂಧಗಳು ಏಳು ಇವೆ, ಆ ಅಂಕಿಯ ಅರ್ಥ ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬಂದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತು ಅವರು ಅವನ್ನು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮನಸ್ಸು ತಡೆಯಲಿಲ್ಲ. ಕೂರಿಸಿಕೊಂಡು ಅಮೆರಿಕದ ವಿಜ್ಞಾನಿ ಪೇಟನ್ ರೌಸ್ ಅವರ ವಿಷಯ ಹೇಳತೊಡಗಿದೆ.

1909ರಲ್ಲಿ ಕೋಳಿ ಸಾಕುವವರೊಬ್ಬರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದನ್ನು ತಂದರು. ಅದರ ಎದೆಯಲ್ಲಿ ದೊಡ್ಡ ಗಡ್ಡೆ. ರೌಸ್ ಅದರ ತುಣುಕುಗಳನ್ನು ಅದೇ ಬಳಗದ ಕೋಳಿಗಳಿಗೆ ಕಸಿ ಮಾಡಿದರು, ಗಡ್ಡೆ ಬೆಳೆಯಿತು. ಆಮೇಲೆ ಗಡ್ಡೆಯನ್ನು ಮರಳಿನೊಂದಿಗೆ ಅರೆದು, ಲವಣದ ದ್ರಾವಣದಲ್ಲಿ ಕದಡಿ, ಯಂತ್ರದಲ್ಲಿ ತಿರುಗಿಸಿ, ಬ್ಯಾಕ್ಟೀರಿಯಗಳೂ ದಾಟಲಾರದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದರು. ಜೀವಕೋಶಗಳೆಲ್ಲ ಹಿಂದೆ ಉಳಿದವು. ಆ ತಿಳಿಯನ್ನು ಚುಚ್ಚಿದ ಕೋಳಿಗಳಲ್ಲೂ ಗಡ್ಡೆ ಎದ್ದಿತು.

1911ರ ಏಪ್ರಿಲ್‌ನಲ್ಲಿ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ನಲ್ಲಿ ಇದು ಪ್ರಕಟವಾಯಿತು, 397ರಿಂದ 411ನೇ ಪುಟದವರೆಗೆ. ಶೀರ್ಷಿಕೆಯಲ್ಲಿ ಅವರು ವೈರಸ್ ಎನ್ನಲಿಲ್ಲ. ಗಡ್ಡೆಯ ಕೋಶಗಳಿಂದ ಬೇರ್ಪಡಿಸಬಹುದಾದ ‘ಏಜೆಂಟ್’ ಎಂದರು. ಕಂಡಷ್ಟನ್ನೇ ಹೇಳುವ ಆ ಸಂಯಮ ನನಗೆ ಬಹಳ ಮೆಚ್ಚು.

ಹೆಚ್ಚಿನವರು ಒಪ್ಪಲಿಲ್ಲ. ಕೋಳಿಯ ಗಡ್ಡೆ ನಿಜವಾದ ಕ್ಯಾನ್ಸರ್ ಅಲ್ಲ ಎಂದರು, ಸೋಸುಕದಲ್ಲಿ ಕೋಶಗಳು ನುಸುಳಿರಬೇಕು ಎಂದರು. ಇಲಿಗಳಲ್ಲಿ ಅಂಥದ್ದೇ ಏಜೆಂಟನ್ನು ಹುಡುಕಿ ಸೋತ ರೌಸ್, 1915ರ ಹೊತ್ತಿಗೆ ಈ ಕೆಲಸ ಬಿಟ್ಟು ರಕ್ತದ ಕಡೆ ತಿರುಗಿದರು. ಸಹೋದ್ಯೋಗಿ ಟರ್ನರ್ ಅವರೊಂದಿಗೆ ಸೇರಿ ಸಿಟ್ರೇಟ್ ಮತ್ತು ಸಕ್ಕರೆ ಬೆರೆಸಿ ರಕ್ತ ಕೆಡದಂತೆ ಇಡುವ ದ್ರಾವಣ ಕಂಡುಹಿಡಿದರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಅದು ಒದಗಿತು. 1930ರ ದಶಕದಲ್ಲಿ ರಿಚರ್ಡ್ ಶೋಪ್ ಮೊಲದ ನರಹುಲಿಯ ವೈರಸ್ಸನ್ನು ತೋರಿಸಿದ ಮೇಲೆ ಮತ್ತೆ ಕ್ಯಾನ್ಸರಿಗೆ ಮರಳಿದರು.

ರೌಸ್ ಅವರ ಹೆಸರನ್ನು ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ನೊಬೆಲ್‌ಗೆ ಸೂಚಿಸಿದ್ದು 1926ರಲ್ಲಿ. ಬಹುಮಾನ ಬಂದದ್ದು 1966ರಲ್ಲಿ. ಆಗ ರೌಸ್‌ಗೆ 87, ಪ್ರಬಂಧಕ್ಕೆ 55. ನಿಯತಕಾಲಿಕಗಳ ತೂಕ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಬಂದ ಉಲ್ಲೇಖಗಳನ್ನಷ್ಟೇ ಎಣಿಸುತ್ತದೆ. ಯುಜೀನ್ ಗಾರ್ಫೀಲ್ಡ್ ಉಲ್ಲೇಖಗಳ ಸೂಚಿ ಹೊರತಂದದ್ದು ಸಂಶೋಧಕರು ಒಂದು ವಿಚಾರದ ಜಾಡು ಹಿಡಿದು ಹೋಗಲೆಂದು. ದಪ್ಪ ದಪ್ಪ ಸಂಪುಟಗಳಲ್ಲಿ ಬೆರಳಿಟ್ಟು ನಾನೂ ಹಾಗೆ ಜಾಡು ಹಿಡಿದಿದ್ದೇನೆ. ಅದನ್ನು ಮನುಷ್ಯರ ಯೋಗ್ಯತೆ ಅಳೆಯುವ ಸೇರು ಮಾಡಿಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ.

ಜಾಡು ಹಿಡಿದರೆ, ಆಮೇಲೆ ವೈರಸ್ ಎಂದೇ ಗೊತ್ತಾದ ರೌಸ್ ಅವರ ‘ಏಜೆಂಟ್’ ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. 1970ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಜೂನ್‌ನಲ್ಲಿ, ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ಕಿಣ್ವವನ್ನು ಹೊವರ್ಡ್ ಟೆಮಿನ್ ಅದೇ ವೈರಸ್ಸಿನಲ್ಲಿ ತೋರಿಸಿದರು. 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ಅದರ ಕ್ಯಾನ್ಸರ್ ಜೀನ್ ಆರೋಗ್ಯವಂತ ಕೋಳಿಯ ಡಿಎನ್‌ಎಯಲ್ಲೇ ಇದೆ ಎಂದು ಕಂಡುಕೊಂಡರು. ವೈರಸ್ ಅದನ್ನು ಕೋಳಿಯಿಂದಲೇ ಎತ್ತಿಕೊಂಡಿತ್ತು! ಕೋಶದ ಜೀನ್‌ಗಳ ಬದಲಾವಣೆಯೇ ಕ್ಯಾನ್ಸರಿಗೆ ಮೂಲ ಎಂಬ ವಾದವನ್ನು ರೌಸ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಪ್ಪಿರಲಿಲ್ಲ. ಅವರ ಕೋಳಿಯೇ ಅವರ ಮಾತನ್ನು ತಿದ್ದಿತು.

ಆ ಜೀನ್ ತಯಾರಿಸುವ ಪ್ರೋಟೀನು ಟೈರೊಸಿನ್ ಕೈನೇಸ್ ಎಂಬ ಕಿಣ್ವಗಳ ಬಗೆಯದೆಂದು 1980ರಲ್ಲಿ ತಿಳಿಯಿತು. ಅದೇ ಬಗೆಯ ಇನ್ನೊಂದು ಪ್ರೋಟೀನನ್ನು ತಡೆಯುವ ಔಷಧ ಇಮಾಟಿನಿಬ್. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ನಮ್ಮ ಅಣ್ಣನಿಗೆ ರಕ್ತದ ಕ್ಯಾನ್ಸರ್, ಸಿಎಂಎಲ್. ಆರು ವರ್ಷಗಳಿಂದ ಪ್ರತಿ ರಾತ್ರಿ ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರಿನೊಂದಿಗೆ ಈ ಮಾತ್ರೆ ನುಂಗುತ್ತಾನೆ. ನುಂಗಿದ ಕೂಡಲೇ ಅತ್ತಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಈ ಭಾಗಕ್ಕೆ ಬರುವ ಮೊದಲೇ ವೈದ್ಯೆಗೆ ವಾರ್ಡಿನಿಂದ ಕರೆ ಬಂದು ಅವರು ಎದ್ದು ಹೋಗಿದ್ದರು. ಅದಕ್ಕೇ ಇಲ್ಲಿ ಬರೆದಿದ್ದೇನೆ.