ಕಾವೇರಿಯ ಪರ ಜಗಳವಾಡಿದ ತರಗತಿ

ಬಿ.ಎ. ಎರಡನೇ ವರ್ಷದಲ್ಲಿ ನಮಗೆ ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ಪಠ್ಯವಾಗಿತ್ತು. ಅದರ ನಾಯಕಿ ಕಾವೇರಿ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ಟಿ.ವಿ.ಯಲ್ಲಿ ನೋಡಿದ್ದವರೇ ಎಲ್ಲ. ಪುಸ್ತಕ ಓದುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಕನ್ನಡ ಮೇಡಂ ಬಂದವರೇ, “ಕಾವೇರಿಗೆ ಏನಾಗಿತ್ತು?” ಎಂದರು.

“ಹುಚ್ಚು, ಮೇಡಂ.”

“ಸರಿ. ಆಸ್ಪತ್ರೆಯವರು ವಾಸಿಯಾಗಿದೆ ಅಂತ ಕಳಿಸಿದ ಮೇಲೆ ಏನಾಗಿತ್ತು?”

ಯಾರೂ ಬಾಯಿ ಬಿಡಲಿಲ್ಲ.

ಹೆರಿಗೆಯ ನಂತರ ಮನಸ್ಸು ಕೆಡುವುದನ್ನು ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರೆ. ಕಾವೇರಿಯ ಸನ್ನಿ ಬಿಟ್ಟಿತು, ಸುತ್ತಲಿನವರ ಸಂಶಯ ಬಿಡಲಿಲ್ಲ. ಗಂಡ ಸತೀಶನೇ ದೂರ ಸರಿದ. ಅವಳ ಆರೋಗ್ಯದ ಬಗ್ಗೆ ಅವಳ ಮಾತೊಂದನ್ನು ಬಿಟ್ಟು ಉಳಿದವರ ಮಾತೆಲ್ಲ ನಡೆಯುತ್ತದೆ. ಅಂದು ನನ್ನ ಪಕ್ಕದಲ್ಲಿದ್ದ ಗೆಳತಿ ಮೆಲ್ಲಗೆ ಹೇಳಿದಳು: “ನಮ್ಮತ್ತಿಗೆಗೂ ಹೀಗೇ ಆಗಿತ್ತು. ಈಗ ಹುಷಾರಾಗಿದ್ದಾರೆ. ಆದ್ರೂ ಮಗೂಗೆ ಸ್ನಾನ ಮಾಡಿಸೋಕೆ ಬಚ್ಚಲಿಗೆ ಹೋದ್ರೆ ಅಮ್ಮ ಬಾಗಿಲಲ್ಲೇ ನಿಂತಿರ್ತಾರೆ.”

ಅದೇ ವರ್ಷ ಇಂಗ್ಲಿಷ್ ಪಠ್ಯದಲ್ಲಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ನರ ‘ದಿ ಯೆಲ್ಲೋ ವಾಲ್‌ಪೇಪರ್’ ಬಂತು, 1892ರ ಅಮೆರಿಕದ ಕತೆ. ಅಲ್ಲೂ ಬಾಣಂತಿಯೇ. ಗಂಡನೇ ಡಾಕ್ಟರು. ವಿಶ್ರಾಂತಿಯೇ ಔಷಧಿ ಎಂದು ಕಿಟಕಿಗೆ ಸರಳು ಹಾಕಿದ ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ, ಬರೆಯಕೂಡದು ಅನ್ನುತ್ತಾನೆ. ಅವಳು ಕದ್ದು ಬರೆಯುತ್ತಾಳೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಸಿಕ್ಕಿಬಿದ್ದಂತೆ ಕಾಣತೊಡಗುತ್ತದೆ. ಗಿಲ್ಮನ್ನರಿಗೂ ಡಾಕ್ಟರ್ ವಿಯರ್ ಮಿಚೆಲ್ ಇಂಥದೇ ಚಿಕಿತ್ಸೆ ಕೊಟ್ಟಿದ್ದರಂತೆ.

ಎರಡನ್ನೂ ಒಟ್ಟಿಗೆ ಓದಿದ್ದು ನಮ್ಮ ಪುಣ್ಯ. ಗಿಲ್ಮನ್ನರಿಗೆ ವೈದ್ಯದ ಮೇಲೇ ಸಿಟ್ಟು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ವೈದ್ಯದ ಮೇಲೆ ನಂಬಿಕೆ. ಅವರ ತಕರಾರೆಲ್ಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು. ನನಗೆ ಇವತ್ತಿಗೂ ತ್ರಿವೇಣಿಯವರದೇ ಹೆಚ್ಚು ಕಠೋರ ಅನ್ನಿಸುತ್ತದೆ. ಕೆಟ್ಟ ಚಿಕಿತ್ಸೆಯನ್ನಾದರೂ ಬದಲಾಯಿಸಬಹುದು. 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ತ್ರಿವೇಣಿಯವರು ತೀರಿಕೊಂಡರು ಎಂದು ಮೇಡಂ ಹೇಳಿದ್ದು ಪಾಠವೆಲ್ಲ ಮುಗಿದ ಮೇಲೆ. ಮೊದಲೇ ಹೇಳಿದ್ದರೆ ನಾವು ಕಾದಂಬರಿ ಬಿಟ್ಟು ಕಣ್ಣೊರೆಸಿಕೊಳ್ಳುತ್ತಾ ಕೂರುತ್ತಿದ್ದೆವೇನೋ.

ಜಗಳವಾದದ್ದು ಸತೀಶನ ಬಗ್ಗೆ. “ಪಾಪ, ಅವನಾದ್ರೂ ಏನು ಮಾಡ್ತಾನೆ?” ಎಂದ ಹುಡುಗರ ಮೇಲೆ ಹುಡುಗಿಯರು ಮುಗಿಬಿದ್ದರು. ಮೇಡಂ ತಡೆಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಮುಂದಿನ ಪೀರಿಯಡ್ಡಿನ ಇತಿಹಾಸದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿದರೂ ಯಾರೂ ಏಳಲಿಲ್ಲ. ಆಮೇಲೆ ಅವರೂ ಸತೀಶನ ಪರ ಒಂದು ಮಾತಾಡಿ ಬೈಸಿಕೊಂಡರು.